28 ಮಿಲಿಮೀಟರಿನ ಸ್ಟೀರಿಂಗ್

ನಮ್ಮ ಅಂಗಡಿಗೆ ಬರುವವರಲ್ಲಿ ಮುಕ್ಕಾಲು ಪಾಲು ಜನ ಬಾಗಿಲಲ್ಲೇ ನಿಂತು ಕೇಳುವುದು, "ಸ್ಟೀರಿಂಗ್ ಕವರ್ ಎಷ್ಟು?" ಅಂತ. ಕವರ್ ನನ್ನ ಹತ್ತಿರ ಇಲ್ಲ. ಬಿಡಿಭಾಗದ ಅಂಗಡಿಗಳ ಮುಂದೆ ಸಾಲಾಗಿ ನೇತು ಹಾಕಿರುತ್ತಾರಲ್ಲ, ಅದು ಬೇಕಿದ್ದರೆ ಅಲ್ಲೇ ತಗೊಳ್ಳಿ, ನನ್ನನ್ನು ಬೈಯಬೇಡಿ. ಆ ಕವರ್ ಹಾಕಿದ ಸ್ಟೀರಿಂಗ್ ಎಷ್ಟು ಬಿಚ್ಚಿದ್ದೇನೋ, ಒಳಗೆ ನೋಡಿದ್ದು ಒಂದೇ ಕಥೆ. ಕೈ ಬೆವರು, ಮಳೆಗಾಲದ ತೇವ ಎಲ್ಲ ಒಳಗೇ ಸಿಕ್ಕಿಕೊಂಡು ಬೂಷ್ಟು ಹಿಡಿದಿರುತ್ತದೆ, ಕೆಳಗಿನ ಒಳ್ಳೇ ಚರ್ಮ ಅಂಟಂಟಾಗಿರುತ್ತದೆ. ಅದಕ್ಕಿಂತ ಮುಖ್ಯವಾಗಿ ಕವರ್ ಜಾರುತ್ತದೆ. ತಿರುವಿನಲ್ಲಿ ಕೈ ತಿರುಗಿ ಸ್ಟೀರಿಂಗ್ ಅಲ್ಲೇ ನಿಂತರೆ ಯಾರನ್ನು ಕೇಳೋಣ?

ನಾನು ಮಾಡುವ ಕೆಲಸ ಬೇರೆ. ಹಳೇ ಕಾರುಗಳ ಸ್ಟೀರಿಂಗ್‌ನ ಹಳೇ ಚರ್ಮ ಬಿಡಿಸಿ, ಒಳಗೆ ಹಾಳಾದದ್ದನ್ನು ತುಂಬಿ, ಹೊಸ ಚರ್ಮ ಹೊದಿಸಿ ಕೈಯಲ್ಲಿ ಹೊಲಿಯುವುದು. ಮೈಸೂರಿನಲ್ಲಿ ಸೀಟ್ ಕುಶನ್ ಕೆಲಸದವರು ಬೇಕಾದಷ್ಟು ಇದ್ದಾರೆ, ನಾನೂ ಅಲ್ಲೇ ಕಲಿತವನು. ಸೀಟು ಹೊಲಿಯುವವನಿಗೆ ಸ್ಟೀರಿಂಗ್ ಸಣ್ಣ ಕೆಲಸ ಅನ್ನಿಸುತ್ತದೆ. ಮೊದಲ ಸಲ ಕೈ ಹಾಕಿದಾಗ ಗೊತ್ತಾಗುತ್ತದೆ ಅದರ ಹಣೆಬರಹ.

ಈ ಸಲ ಮಳೆಗಾಲಕ್ಕೆ ಮುಂಚೆ ಚಿಕ್ಕಮಗಳೂರು ಕಡೆಯ ತೋಟದ ಗೌಡರೊಬ್ಬರು ಗೋಣಿಚೀಲದಲ್ಲಿ ಸುತ್ತಿಕೊಂಡು ಇಟಲಿಯ ಮೊಮೊ ಕಂಪನಿಯ ಒಂದು ಸ್ಟೀರಿಂಗ್ ತಂದರು. ಮೂರು ಕಡ್ಡಿಯದು, 350 ಮಿಲಿಮೀಟರ್ ಅಗಲ. ಅವರ ತಂದೆ ಫಿಯೆಟ್ 1100ಕ್ಕೆ ಹಾಕಿಸಿಕೊಂಡಿದ್ದಂತೆ. ಆಗ ಮಲೆನಾಡಿನ ತೋಟದ ಹುಡುಗರಿಗೆ ರ‍್ಯಾಲಿ ಹುಚ್ಚು. ನಮ್ಮ ಕರ್ನಾಟಕದ ಕೆ-1000 ಕಾರ್ ರ‍್ಯಾಲಿ ಅಂದರೆ ಮನೆಯಲ್ಲಿ ಇರುವ ಫಿಯೆಟ್ಟೋ ಹೆರಾಲ್ಡೋ ಅದನ್ನೇ ಬಿಚ್ಚಿ ಕಟ್ಟಿ ಹೊರಡುತ್ತಿದ್ದರು. ಇಂಥ ಸಾಮಾನು ಇಲ್ಲಿ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ವಿದೇಶದಿಂದ ಬರುವ ನೆಂಟರ ಸೂಟ್‌ಕೇಸಿನಲ್ಲಿ ಬರಬೇಕಿತ್ತು. ಫಿಯೆಟ್ಟಿಗೆ ಗೇರು ಸ್ಟೀರಿಂಗ್ ಪಕ್ಕದಲ್ಲೇ ಇರುವ ಹ್ಯಾಂಡ್ ಗೇರು. ಅದರ ಜೊತೆ ಇಟಲಿಯ ರೇಸಿಂಗ್ ಸ್ಟೀರಿಂಗ್ ಹೇಗೆ ಕಾಣುತ್ತಿತ್ತೋ ನೋಡುವ ಆಸೆ ನನಗೆ ಈಗಲೂ ಇದೆ.

ಮೊಮೊ ಹೆಸರಲ್ಲಿ ನಕಲಿ ಬಹಳ ಬರುತ್ತದೆ, ಅದಕ್ಕೆ ಮೊದಲು ಮಗುಚಿ ನೋಡಿದೆ. ಕಡ್ಡಿಯ ಹಿಂಬದಿಯಲ್ಲಿ ತಿಂಗಳು, ವರ್ಷದ ಅಚ್ಚು ಇತ್ತು. ನಡುವಿನ ಆರು ಬೋಲ್ಟ್ ತೂತುಗಳ ವೃತ್ತ ಅಳೆದರೆ 70 ಮಿಲಿಮೀಟರ್. ಅದು ಮೊಮೊ ಲೆಕ್ಕ. ಇಟಲಿಯದೇ ಇನ್ನೊಂದು ಕಂಪನಿ ನಾರ್ಡಿಯ ಸ್ಟೀರಿಂಗ್ ಆಗಿದ್ದರೆ 74 ಇರುತ್ತಿತ್ತು. ನಾಲ್ಕು ಮಿಲಿಮೀಟರ್ ತಾನೇ ಅಂತ ಒಂದರ ಬಾಸ್ ಕಿಟ್ಟಿಗೆ (ಸ್ಟೀರಿಂಗನ್ನು ಶಾಫ್ಟಿಗೆ ಸೇರಿಸುವ ಭಾಗ) ಇನ್ನೊಂದನ್ನು ಕೂರಿಸಲು ತೂತು ದೊಡ್ಡದು ಮಾಡುವ ಮೆಕ್ಯಾನಿಕ್‌ಗಳಿದ್ದಾರೆ. ಅಂಥವರು ಕಂಡರೆ ಕಾರಿನ ಕೀ ತಗೊಂಡು ವಾಪಸ್ ಬನ್ನಿ.

ಯಾವ ಸ್ಟೀರಿಂಗ್ ಬಂದರೂ ಮೊದಲು ನೋಡುವುದು, ಚರ್ಮದ ಮೇಲಿನ ಬಣ್ಣ ಮಾತ್ರ ಹೋಗಿದೆಯೋ, ಚರ್ಮವೇ ಹೋಗಿದೆಯೋ ಅಂತ. ಕಾರಿನ ಚರ್ಮಕ್ಕೆ ಕಾರ್ಖಾನೆಯಲ್ಲೇ ಬಣ್ಣ ಹಾಕಿ, ಅದರ ಮೇಲೆ ಪಾಲಿಯುರಥೇನ್ ಲೇಪ ಕೊಟ್ಟಿರುತ್ತಾರೆ. ಹತ್ತು ಗಂಟೆ, ಎರಡು ಗಂಟೆ ಜಾಗದಲ್ಲಿ ಹಿಡಿದು ಹಿಡಿದು ಆ ಲೇಪ ಮೊದಲು ಸವೆಯುತ್ತದೆ. ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಹಾಗೇ ನಿಂತರೆ ಲೇಪ ಇದೆ, ಬರೀ ಕೊಳೆ. ಹೀರಿಕೊಂಡರೆ ಲೇಪ ಹೋಗಿದೆ; ಆದರೂ ಚರ್ಮ ಗಟ್ಟಿ ಇದ್ದರೆ ಸ್ವಚ್ಛ ಮಾಡಿ, ಬಣ್ಣ ಹಾಕಿ, ಮತ್ತೆ ಲೇಪ ಕೊಟ್ಟರೆ ಸಾಕು. ಉಗುರಲ್ಲಿ ಕೆರೆದರೆ ನಾರು ನಾರಾಗಿ ಎದ್ದು ಬಂದರೆ ಮಾತ್ರ ಹೊಸ ಚರ್ಮ. ಹೊಸದೇ ಹಾಕಿ ಅಂತ ಹಟ ಮಾಡುವವರಿಗೂ ನಾನು ಮೊದಲು ಬಣ್ಣದ ದಾರಿಯನ್ನೇ ಹೇಳುತ್ತೇನೆ. ಕಾರಿನ ಜೊತೆ ಹುಟ್ಟಿದ ಚರ್ಮ ಒಮ್ಮೆ ತೆಗೆದರೆ ತೆಗೆದ ಹಾಗೆಯೇ.

ಗೌಡರ ಮೊಮೊ ಬಣ್ಣದಲ್ಲಿ ಮುಗಿಯುವ ಸ್ಥಿತಿಯಲ್ಲಿ ಇರಲಿಲ್ಲ. ಮೇಲ್ಭಾಗ ಬಿಸಿಲಿಗೆ ಒಣಗಿ ಸೀಳಿತ್ತು, ಕೆಳಗೆ ಹೊಲಿಗೆಯೇ ಬಿಟ್ಟಿತ್ತು. ಬಿಡಿಸಿದಾಗ ಚರ್ಮದ ಜೊತೆ ಒಳಗಿನ ಫೋಮೂ ಪುಡಿಪುಡಿಯಾಗಿ ಬಂತು. ಇಂಥ ಸ್ಟೀರಿಂಗ್‌ಗಳ ಒಳಗೆ ಲೋಹದ ಬಳೆ, ಅದರ ಸುತ್ತ ಅಚ್ಚು ಹಾಕಿದ ಪಾಲಿಯುರಥೇನ್ ಫೋಮು ಇರುತ್ತದೆ. ಪಾಲಿಯುರಥೇನಿಗೆ ವರ್ಷಗಟ್ಟಲೆ ತೇವ ತಗುಲಿದರೆ ಅದರ ಕಣಗಳ ಕೊಂಡಿಯೇ ಕಳಚುತ್ತದೆ. ಮಲೆನಾಡಿನ ಮಳೆಯಲ್ಲಿ ಶೆಡ್ಡಿನೊಳಗೆ ನಿಂತ ಕಾರಿಗೆ ಓಡಿಸಿದ ಕಾರಿಗಿಂತ ಈ ರೋಗ ಜಾಸ್ತಿ.

ಹಾಳಾದ ಜಾಗಕ್ಕೆ ಎಂ-ಸೀಲ್ ಮೆತ್ತುವವರಿದ್ದಾರೆ. ಹಳೇ ಗಟ್ಟಿ ಪ್ಲಾಸ್ಟಿಕ್ ಸ್ಟೀರಿಂಗ್ ಬಿರುಕು ಬಿಟ್ಟಿದ್ದರೆ ಅಂಥ ಎಪಾಕ್ಸಿಯೇ ಸರಿ. ಬಿರುಕನ್ನು ವಿ ಆಕಾರಕ್ಕೆ ಅಗಲ ಮಾಡಿ, ತುಂಬಿ, ಎಮರಿ ಪೇಪರಿನಲ್ಲಿ ಉಜ್ಜಿ ಬಣ್ಣ ಹೊಡೆಯಬೇಕು. ಫೋಮಿನ ಮಧ್ಯೆ ಅದು ಬೇಡ. ಮೇಲೆ ಎಂಥ ಚರ್ಮ ಹಾಕಿದರೂ ಹೆಬ್ಬೆರಳಿಗೆ ಆ ಗಂಟು ಸಿಕ್ಕೇ ಸಿಗುತ್ತದೆ. ನಾನು ತೆಳು ಚರ್ಮದ ಪಟ್ಟಿಗಳನ್ನು ಪದರ ಪದರವಾಗಿ ಸೊಲ್ಯೂಷನ್ ಹಾಕಿ ಕೂರಿಸಿ, ಒಣಗಿದ ಮೇಲೆ ಅರದಲ್ಲಿ ಉಜ್ಜಿ ಅಕ್ಕಪಕ್ಕದ ಫೋಮಿಗೆ ಸಮ ಮಾಡುತ್ತೇನೆ. ವರ್ನಿಯರ್ ಹಿಡಿದು ಸುತ್ತಲೂ ಅಳೆಯುತ್ತಾ ಹೋಗಬೇಕು. ಕೈ ಕಣ್ಣಿಗಿಂತ ಚುರುಕು. ಅರ್ಧ ಮಿಲಿಮೀಟರ್ ಉಬ್ಬಿದ್ದರೂ ಓಡಿಸುವವರಿಗೆ ತಿಳಿಯುತ್ತದೆ.

ಇಲ್ಲೇ ಗೌಡರಿಗೂ ನನಗೂ ಸಣ್ಣ ಜಗಳ ಆಗಿದ್ದು.

"ಹೆಂಗೂ ಬಿಚ್ಚಿದೀರಿ, ಸ್ವಲ್ಪ ದಪ್ಪ ಮಾಡ್ಬಿಡಿ. ಈಗಿನ ಕಾರುಗಳ ಹಂಗೆ ಕೈ ತುಂಬಾ ಸಿಗಲಿ."

"ಬೇಡ ಗೌಡ್ರೆ. ನಿಮ್ಮ ತಂದೆಯವರು ಹಿಡಿದ ಸ್ಟೀರಿಂಗ್ ಬೇಕು ಅಂತ ತಾನೇ ತಂದಿದ್ದು? ದಪ್ಪ ಮಾಡಿದ್ರೆ ಅದು ಬೇರೆ ಸ್ಟೀರಿಂಗ್ ಆಗ್ತದೆ."

"ಮೊಮೊದವನೇ ದಪ್ಪ ಮಾಡಿದ್ದಂತಲ್ರೀ ಮೊದ್ಲು!"

ಓದಿಕೊಂಡು ಬಂದ ಗಿರಾಕಿಯ ಜೊತೆ ಮಾತಾಡುವುದು ಕಷ್ಟ. ಅವರು ಹೇಳಿದ್ದು ನಿಜವೇ. ಜಾನ್‌ಪಿಯೆರೊ ಮೊರೆಟ್ಟಿ ಅಂತ ಇಟಲಿಯ ರೇಸುಗಾರ, 1964ರಲ್ಲಿ ತನ್ನ ರೇಸ್ ಕಾರಿಗೆ ಅಂತ ಒಂದು ಸ್ಟೀರಿಂಗ್ ಮಾಡಿಸಿಕೊಂಡ. ಆಗಿನ ರೇಸ್ ಸ್ಟೀರಿಂಗ್‌ಗಳು ಬಹಳ ತೆಳ್ಳಗಿರುತ್ತಿದ್ದವು, ಇವನದು ಹಿಡಿತ ತುಂಬುವಂತಿತ್ತು. ಜಾನ್ ಸರ್ಟೀಸ್ ಅದನ್ನು ತನ್ನ ಫೆರಾರಿಗೆ ಹಾಕಿಸಿಕೊಂಡ, ಅದೇ 1964ರಲ್ಲಿ ಫಾರ್ಮುಲಾ ಒನ್ ಚಾಂಪಿಯನ್ ಆದ. ಅಲ್ಲಿಂದ ಮೊರೆಟ್ಟಿಯ ಮೊಮೊ ಕಂಪನಿ ಬೆಳೆಯಿತು. ಆದರೆ ಆ ದಪ್ಪ ಎಷ್ಟು ಅಂತ ಗೊತ್ತು ಮಾಡಿದವನು ಓಡಿಸುವವನು. ಅಲ್ಲಿಂದಾಚೆ ಇನ್ನೂ ಒಂದು ಪದರ ಸ್ಪಾಂಜು ಸೇರಿಸುವುದು ಅಂಗಡಿಯವನ ಐಡಿಯಾ. ಪವರ್ ಸ್ಟೀರಿಂಗ್ ಇಲ್ಲದ ಫಿಯೆಟ್ಟಿನಲ್ಲಿ ರಸ್ತೆಯ ಸುದ್ದಿಯೆಲ್ಲ ಬರುವುದು ಅಂಗೈಗೆ. ಮಧ್ಯೆ ಸ್ಪಾಂಜು ಇಟ್ಟರೆ ಆ ಸುದ್ದಿ ಅರ್ಧ ದಾರಿಯಲ್ಲೇ ಉಳಿಯುತ್ತದೆ.

ಗೌಡರು ಒಪ್ಪಲಿಲ್ಲ. ಆಗ ಪೇಪರು ತಗೊಂಡು ಲೆಕ್ಕ ತೋರಿಸಿದೆ. ಈ ಲೆಕ್ಕ ನನಗೆ ಬಹಳ ಇಷ್ಟ, ಇಲ್ಲೂ ಬರೆಯುತ್ತೇನೆ.

ಸ್ಟೀರಿಂಗ್ 350 ಮಿಲಿಮೀಟರ್ ಅಗಲ, ಹಿಡಿಯುವ ಬಳೆ 28 ಮಿಲಿಮೀಟರ್ ದಪ್ಪ. ಬಳೆಯ ಹೊರ ಅಂಚಿನ ಸುತ್ತಳತೆ 1100 ಮಿಲಿಮೀಟರ್. ಒಳ ಅಂಚಿನದು 924. ವ್ಯತ್ಯಾಸ 176. ಅಂದರೆ ಒಂದೇ ಪಟ್ಟಿ ಚರ್ಮ ಹೊರಗಡೆ 1100 ಆಗಿ ಹಿಗ್ಗಬೇಕು, ಒಳಗಡೆ ಹೊಲಿಗೆಯ ಹತ್ತಿರ 924ಕ್ಕೆ ಕುಗ್ಗಬೇಕು, ಎಲ್ಲೂ ಸುಕ್ಕು ಬೀಳಬಾರದು. ತಮಾಷೆ ಏನೆಂದರೆ ಈ 176ಕ್ಕೂ ಸ್ಟೀರಿಂಗ್ ಎಷ್ಟು ಅಗಲ ಅನ್ನುವುದಕ್ಕೂ ಸಂಬಂಧವೇ ಇಲ್ಲ. ಬಳೆಯ ದಪ್ಪ 28 ಇದ್ದರೆ ಲಾರಿ ಸ್ಟೀರಿಂಗಿಗೂ 176, ಮೊಮೊಗೂ 176. ಲಾರಿಯದು ದೊಡ್ಡದು, ಅಷ್ಟು ದೂರಕ್ಕೆ ಹಂಚಿಹೋಗುತ್ತದೆ. ಚಿಕ್ಕದರಲ್ಲಿ ಹಂಚಲು ಜಾಗ ಇಲ್ಲ. ಅದಕ್ಕೇ ಚಿಕ್ಕ ಸ್ಟೀರಿಂಗಿಗೆ ಕೂಲಿ ಜಾಸ್ತಿ ಕೇಳುತ್ತೇನೆ, ಜನ ವಿಚಿತ್ರವಾಗಿ ನೋಡುತ್ತಾರೆ. ಈಗ ಗೌಡರು ಕೇಳಿದ ಹಾಗೆ 28 ಅನ್ನು 34 ಮಾಡಿದರೆ ವ್ಯತ್ಯಾಸ 213 ದಾಟುತ್ತದೆ. ಚರ್ಮವನ್ನು ಇನ್ನೂ ಎಳೆಯಬೇಕು; ಎಳೆದಷ್ಟೂ ತೆಳ್ಳಗಾಗುತ್ತದೆ, ಬೇಗ ಸವೆಯುತ್ತದೆ.

ಲೆಕ್ಕ ನೋಡಿ ಗೌಡರು ಸುಮ್ಮನಾದರು. ಕೆಂಪು ದಾರದ ವಿಷಯ ಎತ್ತಿದರು. ಬಿಚ್ಚಿದಾಗ ಮಡಿಕೆಯ ಒಳಗೆ ಸಿಕ್ಕ ಹಳೇ ದಾರದ ತುಂಡು ತೋರಿಸಿದೆ. ಕಪ್ಪು. ಅದೂ ಮುಗಿಯಿತು.

ಚರ್ಮ ತರುವುದು ತಮಿಳುನಾಡಿನ ಪಾಲಾರ್ ನದಿ ದಂಡೆಯ ಊರುಗಳಿಂದ. ಆಂಬೂರು, ವಾಣಿಯಂಬಾಡಿ, ರಾಣಿಪೇಟೆ, ಇವೆಲ್ಲ ಟ್ಯಾನರಿಗಳ ಊರು. ಚದರ ಅಡಿ ಲೆಕ್ಕದಲ್ಲಿ ಕೊಡುತ್ತಾರೆ. ನನಗೆ ಬೇಕಾದ್ದು ಕ್ರೋಮ್ ಉಪ್ಪು ಹಾಕಿ ಹದ ಮಾಡಿದ ಹಸುವಿನ ಚರ್ಮ, 1 ರಿಂದ 1.2 ಮಿಲಿಮೀಟರ್ ದಪ್ಪ. ಬೆನ್ನಿನ ಭಾಗವೇ ಆಗಬೇಕು. ಹೊಟ್ಟೆಯ ಭಾಗ ಸಡಿಲ. ಎಳೆದರೆ ಬರುತ್ತಲೇ ಇರುತ್ತದೆ, ಆಮೇಲೆ ಸ್ಟೀರಿಂಗ್ ಮೇಲೆ ಜೋಲು ಬೀಳುತ್ತದೆ.

"ನಮ್ಮ ಕಡೆಯ ಚರ್ಮ ಯಾಕೆ ಬೇಡ, ಅಥಣಿ ಚಪ್ಪಲಿ ಚರ್ಮ ಎಷ್ಟು ಚೆನ್ನಾಗಿರುತ್ತೆ" ಅಂತ ಕೇಳುವವರಿದ್ದಾರೆ. ಚೆನ್ನಾಗಿರುತ್ತದೆ, ನಾನೂ ಅದನ್ನೇ ಮೆಟ್ಟುವುದು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಜಿಐ, ಅಂದರೆ ಇಂಥ ಊರಿನದೇ ಮಾಲು ಅನ್ನುವ ಸರ್ಕಾರಿ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಸೇರಿದವು. ಆ ಚರ್ಮ ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ್ದು. ಕಾಲಿನ ಭಾರ ತಡೆಯುವ ಗಟ್ಟಿತನ ಅದಕ್ಕಿದೆ. 176 ಮಿಲಿಮೀಟರ್ ನುಂಗುವ ಗುಣ ಇಲ್ಲ. ತೊಗಟೆ ಹದದ ಚರ್ಮ ನೆನೆದು ಒಣಗಿದರೆ ಬಿರುಸಾಗುತ್ತದೆ, ಬಿಸಿಗೂ ಬೇಗ ಮುದುರುತ್ತದೆ. ಕ್ರೋಮ್ ಹದದ್ದು ಕುದಿಯುವ ನೀರಿನ ಹತ್ತಿರದ ಬಿಸಿಯನ್ನೂ ತಡೆದುಕೊಳ್ಳುತ್ತದೆ. ಏಪ್ರಿಲ್ ಮಧ್ಯಾಹ್ನ ಗಾಜು ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಸ್ಟೀರಿಂಗ್ ಮುಟ್ಟಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ರೆಕ್ಸಿನ್ ಬೇಡವೇ ಬೇಡ. ಅದು ಹಿಗ್ಗಿದರೆ ವಾಪಸ್ ಕುಗ್ಗಲು ನೋಡುತ್ತದೆ, ಒಳಗಡೆ ನೆರಿಗೆ ಬಿಡುತ್ತದೆ. ಚರ್ಮದ ನಾರುಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಒಂದು ಕಡೆ ಎಳೆದು, ಇನ್ನೊಂದು ಕಡೆ ಒತ್ತಿ ಕೂರಿಸಿದರೆ ಆ ಆಕಾರವನ್ನೇ ಉಳಿಸಿಕೊಳ್ಳುತ್ತವೆ.

ಕತ್ತರಿಸುವಾಗ ಹಳೇ ಚರ್ಮವನ್ನೇ ಅಚ್ಚಾಗಿ ಇಟ್ಟುಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ಅದು ಇಷ್ಟು ವರ್ಷ ಹಿಗ್ಗಿ ಕೂತಿರುತ್ತದೆ. ಅದರ ಅಳತೆಗೆ ಹೊಸದನ್ನು ಕತ್ತರಿಸಿದರೆ ದೊಗಳೆ ಆಗುವುದು ಖಂಡಿತ. ಹಳೆಯದರಲ್ಲಿ ಜೋಡಣೆ ಎಲ್ಲಿತ್ತು, ಕಡ್ಡಿಯ ಹತ್ತಿರ ಹೇಗೆ ಕತ್ತರಿಸಿದ್ದರು ಅನ್ನುವುದನ್ನು ಮಾತ್ರ ನೋಡಿಕೊಳ್ಳಬೇಕು. ಅಳತೆಗೆ ಬಳೆಯ ಸುತ್ತ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮಾಸ್ಕಿಂಗ್ ಟೇಪ್ ಸುತ್ತಿ, ಹೊಲಿಗೆ ಬರುವ ಗೆರೆಯಲ್ಲಿ ಬ್ಲೇಡ್ ಆಡಿಸಿ ಬಿಡಿಸಿ ರಟ್ಟಿಗೆ ಇಳಿಸಿಕೊಳ್ಳುತ್ತೇನೆ. 28 ಮಿಲಿಮೀಟರ್ ಬಳೆಯ ಮೈಸುತ್ತು 88. ಚರ್ಮವನ್ನು ಅದಕ್ಕಿಂತ ಐದಾರು ಮಿಲಿಮೀಟರ್ ಕಡಿಮೆ ಅಗಲಕ್ಕೆ ಕತ್ತರಿಸಬೇಕು, ಎರಡು ಅಂಚೂ ಸುಮ್ಮನೆ ಇಟ್ಟರೆ ಕೂಡಬಾರದು. ಉದ್ದದಲ್ಲೂ ಕಡಿಮೆಯೇ. ತುಂಡುಗಳನ್ನು ಸೇರಿಸಿ ಬಳೆ ಮಾಡಿದಾಗ ಸುಮಾರು 1010 ಮಿಲಿಮೀಟರ್ ಬರಬೇಕು. ಸೈಕಲ್ ರಿಮ್ಮಿಗೆ ಬಿಗಿ ಟಯರ್ ಏರಿಸಿದ ಹಾಗೆ ಅದನ್ನು 1100ರ ಮೇಲೆ ಏರಿಸುವುದು. ಹಿಂಬದಿಗೆ ಒದ್ದೆ ಸ್ಪಾಂಜು ಸವರಿ, ಹೇರ್ ಡ್ರೈಯರ್ ಬಿಸಿ ತೋರಿಸಿದರೆ ಚರ್ಮ ಮಾತು ಕೇಳುತ್ತದೆ. ಜೋಡಣೆಗಳು ಕಡ್ಡಿಯ ಹತ್ತಿರವೇ ಬರಬೇಕು, ಕೈ ಆಡುವ ಜಾಗದಲ್ಲಿ ಬರಬಾರದು. ಜೋಡಣೆಯ ಅಂಚುಗಳನ್ನು ಅಪ್ಪನ ರಂಪಿಗೆಯಲ್ಲೇ ಕೆತ್ತಿ ತೆಳ್ಳಗೆ ಮಾಡುತ್ತೇನೆ. ಅದಕ್ಕೂ ಮೆಷಿನ್ ಇದೆ. ಆದರೆ ರಂಪಿಗೆಯಷ್ಟು ನಂಬಿಕೆ ಬಂದಿಲ್ಲ.

ಅಪ್ಪ ಟಾಂಗಾ ಕುದುರೆಗಳ ಜೀನು, ಲಗಾಮು, ಪಟ್ಟಿ ಹೊಲಿಯುತ್ತಿದ್ದವರು. ಒಂದು ದಾರ, ಎರಡು ಸೂಜಿ, ಪ್ರತಿ ತೂತಿನಲ್ಲೂ ಎರಡೂ ಸೂಜಿ ಎದುರುಬದುರಾಗಿ ದಾಟಬೇಕು. ಮೆಷಿನ್ ಹೊಲಿಗೆ ಒಂದು ಕಡೆ ಕಿತ್ತರೆ ಸಾಲಾಗಿ ಬಿಟ್ಟುಕೊಳ್ಳುತ್ತದೆ; ಈ ಹೊಲಿಗೆಯಲ್ಲಿ ಒಂದು ಕಿತ್ತರೂ ಪಕ್ಕದ್ದು ಹಿಡಿದಿರುತ್ತದೆ. ಕುದುರೆ ಮುಗ್ಗರಿಸಿದಾಗ ಪಟ್ಟಿ ಕಿತ್ತರೆ ಸವಾರಿಯೇ ಉರುಳುತ್ತದಲ್ಲ. ಹೊಲಿದ ಮಾಲು ತಲುಪಿಸಲು ಹೋದರೆ ಅಪ್ಪನನ್ನು ಕೆಲವು ಮನೆಗಳಲ್ಲಿ ಗೇಟಿನ ಹೊರಗೇ ನಿಲ್ಲಿಸಿ ಇಸಕೊಳ್ಳುತ್ತಿದ್ದರು, ದುಡ್ಡು ಕಲ್ಲಿನ ಮೇಲೆ ಇಡುತ್ತಿದ್ದರು. ಈಗ ಅದೇ ಬೀದಿಗಳ ಕಾರು ನನ್ನ ಹತ್ತಿರ ಬರುತ್ತದೆ. ಮಾಲೀಕರು ನನ್ನ ಮೇಜಿನ ಫೋಟೋ ಹೊಡೆದು 'ಹ್ಯಾಂಡ್‌ಕ್ರಾಫ್ಟೆಡ್' ಅಂತ ಸ್ಟೇಟಸ್ಸಿಗೆ ಹಾಕಿಕೊಳ್ಳುತ್ತಾರೆ. ಹಾಕಿಕೊಳ್ಳಲಿ. ರೇಟೂ ಹ್ಯಾಂಡ್‌ಕ್ರಾಫ್ಟೆಡ್ ಲೆಕ್ಕದಲ್ಲೇ ಹೇಳುತ್ತೇನೆ.

ಸ್ಟೀರಿಂಗ್ ಹೊಲಿಗೆಗೂ ಎರಡು ಸೂಜಿಯೇ, ಒಂದು ವ್ಯತ್ಯಾಸ ಇದೆ. ಇಲ್ಲಿ ಚರ್ಮಕ್ಕೆ ನೇರವಾಗಿ ದಾರ ಹಾಕಿ ಎಳೆದರೆ ತೂತು ಹರಿದುಕೊಳ್ಳುತ್ತದೆ, ಅಷ್ಟು ಬಿಗಿ. ಅದಕ್ಕೆ ಮೊದಲೇ ಎರಡು ಅಂಚಿಗೂ ಒಂದೊಂದು ಸಾಲು ಮೆಷಿನ್ ಹೊಲಿಗೆ ಹಾಕಿರುತ್ತೇನೆ. ಏರಿಸಿದ ಮೇಲೆ ಸೂಜಿ ಆ ಹೊಲಿಗೆಗಳ ಅಡಿಯಲ್ಲಿ ನುಸುಳಿ ಹೋಗುತ್ತದೆ, ಎಳೆತ ಇಡೀ ಸಾಲಿಗೆ ಹಂಚಿಕೊಳ್ಳುತ್ತದೆ. ಎರಡೂ ಅಂಚಿನ ಹೊಲಿಗೆಯ ಎಣಿಕೆ ಒಂದೇ ಇರಬೇಕು. ಒಳ ಸುತ್ತು 924, ಐದು ಮಿಲಿಮೀಟರಿಗೊಂದು ಹೊಲಿಗೆ ಅಂದರೆ ನೂರಾ ಎಂಬತ್ತೈದರ ಹತ್ತಿರ. ಕಡ್ಡಿಯಿಂದ ಕಡ್ಡಿಗೆ ಬೇರೆ ಬೇರೆಯಾಗಿ ಎಣಿಸಿ ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಳ್ಳದಿದ್ದರೆ ಕೊನೆಗೆ ಒಂದು ಕಡೆ ಹೊಲಿಗೆ ಉಳಿಯುತ್ತದೆ, ಚರ್ಮ ಓರೆ ತಿರುಗುತ್ತದೆ. ದಾರ ಮೇಣ ಹಾಕಿದ ಪಾಲಿಯೆಸ್ಟರಿನದೇ ಆಗಬೇಕು; ಹತ್ತಿ ದಾರವಾದರೆ ಬೆವರಿಗೆ ಕೊಳೆಯುತ್ತದೆ. ಸೊಲ್ಯೂಷನ್ ಕಡ್ಡಿಯ ಹತ್ತಿರ ಮತ್ತು ಬೆರಳಿನ ತಗ್ಗುಗಳಲ್ಲಿ ಮಾತ್ರ. ಪೂರ್ತಿ ಮೆತ್ತಿದರೆ ಮುಂದೆ ಬಿಚ್ಚುವವನು ಫೋಮನ್ನೂ ಕಿತ್ತುಹಾಕಬೇಕಾಗುತ್ತದೆ, ಈ ಮೊಮೊಗೆ ಆಗಿದ್ದೂ ಅರ್ಧ ಅದೇ.

ಅಪ್ಪ ಈಗಲೂ ಮಧ್ಯಾಹ್ನ ಊಟ ಮುಗಿಸಿ ಅಂಗಡಿಗೆ ಬಂದು ಕೂರುತ್ತಾರೆ. ಹೊಲಿಗೆ ಮೇಲೆ ಹೆಬ್ಬೆರಳು ಆಡಿಸಿ, "ಲೋ ಮಗ, ದಾರ ಎಳೀಬೇಕು ಕಣೋ, ಚರ್ಮ ತಾನಾಗೇ ಬರ್ತದೆ. ನೀನು ಚರ್ಮ ಎಳೀತಿದೀಯ" ಅನ್ನುತ್ತಾರೆ. ಸ್ಟೀರಿಂಗ್ ಹಿಡಿದು ಕಾರು ಓಡಿಸಿದವರಲ್ಲ. ಆದರೆ ಬಿಗಿ ಎಲ್ಲಿ ಕಡಿಮೆ ಅಂತ ತೋರಿಸಿದ ಜಾಗ ತಪ್ಪುವುದಿಲ್ಲ.

ಹೊಲಿದ ಮೇಲೆ ಒಂದು ದಿನ ನೆರಳಲ್ಲಿ ಬಿಟ್ಟರೆ ತೇವ ಆರಿ ಚರ್ಮ ಇನ್ನೂ ಕಚ್ಚಿಕೊಳ್ಳುತ್ತದೆ. ಗೌಡರು ಬಂದು ಎರಡೂ ಕೈಯಲ್ಲಿ ಹಿಡಿದು, ಎಡಕ್ಕೆ ಬಲಕ್ಕೆ ತಿರುಗಿಸುವ ಹಾಗೆ ಮಾಡಿ, "ತೆಳ್ಳಗೇ ಇದೆ" ಅಂದರು. ಬೈಗುಳವೋ ಹೊಗಳಿಕೆಯೋ ಕೇಳಲಿಲ್ಲ, ದುಡ್ಡು ಚೌಕಾಸಿ ಮಾಡದೆ ಕೊಟ್ಟರು. ಹಳೇ ಚರ್ಮವನ್ನೂ ಕವರಿನಲ್ಲಿ ಹಾಕಿ ಕೊಟ್ಟೆ, ಅದು ಅವರ ಸ್ವತ್ತು.

ತರುವವರಿಗೆ ಎರಡು ಮಾತು. ಸ್ಟೀರಿಂಗ್ ಬಿಚ್ಚುವ ಮೊದಲು ಚಕ್ರ ನೇರ ಮಾಡಿ, ಶಾಫ್ಟಿಗೂ ಸ್ಟೀರಿಂಗಿಗೂ ಸೇರಿ ಒಂದು ಗೆರೆ ಹಾಕಿಸಿ. ಇಲ್ಲದಿದ್ದರೆ ವಾಪಸ್ ಹಾಕಿದಾಗ ಕಾರು ನೇರ ಹೋಗುತ್ತದೆ, ಸ್ಟೀರಿಂಗ್ ಓರೆ ಇರುತ್ತದೆ. ಏರ್‌ಬ್ಯಾಗ್ ಇರುವ ಕಾಲದ ಕಾರಾದರೆ ಅದನ್ನು ಬಲ್ಲ ಮೆಕ್ಯಾನಿಕ್ ಬ್ಯಾಟರಿ ಕಳಚಿ, ಏರ್‌ಬ್ಯಾಗ್ ಬೇರೆ ಮಾಡಿಕೊಟ್ಟ ಮೇಲೆ ಬರೀ ಸ್ಟೀರಿಂಗ್ ತನ್ನಿ. ಏರ್‌ಬ್ಯಾಗ್ ಸಮೇತ ತಂದರೆ ಮೇಜಿನ ಮೇಲೆ ಇಡಲೂ ಬಿಡುವುದಿಲ್ಲ.

ಹೊಸ ಚರ್ಮ ಬಾಳಬೇಕಾದರೆ ಮಾಡಬೇಕಾದ್ದು ಬಹಳ ಕಡಿಮೆ. ಒದ್ದೆ ಬಟ್ಟೆ ಹಿಂಡಿ ಒರೆಸಿ, ಒಣ ಬಟ್ಟೆಯಲ್ಲಿ ಮತ್ತೆ ಒರೆಸಿ. ಚರ್ಮಕ್ಕೆ ಹುಳಿ ಗುಣ, ಬಟ್ಟೆ ಸೋಪಿನ ಕ್ಷಾರ ಅದಕ್ಕೆ ಆಗುವುದಿಲ್ಲ. ಕೊಬ್ಬರಿ ಎಣ್ಣೆ ಹಚ್ಚಬೇಡಿ, ಲೇಪದ ಮೇಲೆ ಕೂತು ಧೂಳು ಹಿಡಿಯುತ್ತದೆ ಅಷ್ಟೇ, ಕೈಯೂ ಜಾರುತ್ತದೆ. ಇನ್ನೊಂದು, ಸ್ಯಾನಿಟೈಸರ್. ಕೊರೋನಾ ಬಂದ ಮೇಲೆ ನನ್ನ ಹತ್ತಿರ ಬಂದ ಎಷ್ಟೋ ಸ್ಟೀರಿಂಗ್‌ಗಳಲ್ಲಿ ಚರ್ಮ ಗಟ್ಟಿಯೇ ಇತ್ತು, ಮೇಲಿನ ಲೇಪ ಮಾತ್ರ ಅಂಗೈ ಅಗಲಕ್ಕೆ ಎದ್ದುಹೋಗಿತ್ತು. ಬಣ್ಣ ಹಾಕುವ ಮೊದಲು ಹಳೇ ಜಿಡ್ಡು ತೆಗೆಯಲು ನಾನು ಬಳಸುವುದೂ ಆಲ್ಕೋಹಾಲನ್ನೇ. ಕೈಗೆ ಹಾಕಿಕೊಂಡರೆ ಪೂರ್ತಿ ಆರಿದ ಮೇಲೆ ಸ್ಟೀರಿಂಗ್ ಹಿಡಿಯಿರಿ.